ನಿಂಬೆ, ಕಿತ್ತಳೆ ಗಿಡಗಳ ಗ್ರೀನಿಂಗ್ ರೋಗ: ಗೊಬ್ಬರ ಹಾಕುವ ಮುನ್ನ ಎಲೆ ನೋಡಿ

ಕಳೆದ ಕಾರ್ತಿಕ ಮಾಸದಲ್ಲಿ ಮುಂಡಗೋಡ ತಾಲ್ಲೂಕಿನ ಸನವಳ್ಳಿ ಭಾಗದ ರೈತರೊಬ್ಬರು ಮೂಸಂಬಿ ಗಿಡದ ರೆಂಬೆಯೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದರು. ಅಡಿಕೆ ತೋಟದ ಅಂಚಿಗೆ ಆರು ವರ್ಷಗಳ ಹಿಂದೆ ನೆಟ್ಟ 40 ಗಿಡಗಳಲ್ಲಿ ಅದೂ ಒಂದು. ಸಸಿಗಳನ್ನು ಅವರು ಊರಿಗೆ ಬಂದ ಮಾರಾಟದ ಗಾಡಿಯಿಂದ ಕೊಂಡಿದ್ದರು. ನಾಲ್ಕನೆಯ ವರ್ಷ ಫಸಲು ಚೆನ್ನಾಗಿಯೇ ಬಂತು. ಐದನೆಯ ವರ್ಷ ಕೆಲವು ಗಿಡಗಳಲ್ಲಿ ಒಂದೊಂದೇ ರೆಂಬೆ ಹಳದಿಯಾಯಿತು. ಸತುವಿನ ಕೊರತೆ ಇರಬಹುದೆಂದು ಯಾರೋ ಹೇಳಿದರು, ಇವರು ಸಿಂಪಡಿಸಿದರು.

"ಝಿಂಕ್ ಹೊಡದ ಮ್ಯಾಲೆ ಎರಡು ತಿಂಗಳು ಚಲೋ ಆಗಿತ್ರಿ ಸಾಹೇಬ್ರ. ಮತ್ತ ಹಂಗ ಆತು. ಈ ಸಲ ಬ್ಯಾರೆ ಗಿಡಕ್ಕೂ ಬಂದೈತಿ" ಎಂದರು.

ಈ ಮಾತಿನಲ್ಲೇ ರೋಗದ ಲಕ್ಷಣವೆಲ್ಲ ಅಡಗಿದೆ. ಬರಿಯ ಪೋಷಕಾಂಶದ ಕೊರತೆಯಾಗಿದ್ದರೆ ಸತುವು ಕೊಟ್ಟ ಮೇಲೆ ಗಿಡ ಸುಧಾರಿಸಬೇಕಿತ್ತು, ಪಕ್ಕದ ಗಿಡಕ್ಕೆ ಅಂಟಬಾರದಿತ್ತು. ರೆಂಬೆಯ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿದಾಗ ಅನುಮಾನ ಬಲವಾಯಿತು. ಚೀಲದ ತಳದಲ್ಲಿ ಸಾಸಿವೆ ಕಾಳಿಗಿಂತ ತುಸು ಉದ್ದವಾದ ಎರಡು ಮೂರು ಕಂದು ಕೀಟಗಳೂ ಇದ್ದವು. (ರೋಗದ ರೆಂಬೆಯನ್ನು ಹೀಗೆ ತೆರೆದ ಚೀಲದಲ್ಲಿ ಊರೂರು ತಿರುಗಿಸುವುದು ಒಳ್ಳೆಯದಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿಯಾಗಿ ಕಟ್ಟಿ ತರಬೇಕು.) ಇದು ನಿಂಬೆ ಜಾತಿಯ ಗಿಡಗಳಿಗೆ ಬರುವ ಗ್ರೀನಿಂಗ್ ರೋಗ. ಕಿತ್ತಳೆ, ಮೂಸಂಬಿ, ನಿಂಬೆ, ಚಕ್ಕೋತ, ಹೇರಳೆ, ಮಾದಳ ಮುಂತಾದ ಎಲ್ಲವೂ ಸ್ವಲ್ಪ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇದಕ್ಕೆ ತುತ್ತಾಗುತ್ತವೆ. ಕಿತ್ತಳೆ ಮತ್ತು ಮೂಸಂಬಿಗೆ ಇದರ ಪೆಟ್ಟು ಜೋರು. ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಔಷಧ ಇಂದಿಗೂ ರೈತರ ಕೈಗೆ ಸಿಕ್ಕಿಲ್ಲ.

ಕೊಡಗಿನ ತೋಟಗಳಲ್ಲಿ ಆದದ್ದು

ಈ ರೋಗ ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೊಡಗಿನ ಕಿತ್ತಳೆಯ ಹೆಸರು ಕೇಳದವರಿಲ್ಲ. ಕಾಫಿ ತೋಟದ ನಡುವೆ ಮಿಶ್ರ ಬೆಳೆಯಾಗಿ ನಿಂತು, ಕಾಫಿಯ ಬೆಲೆ ಬಿದ್ದ ವರ್ಷ ಮನೆಯನ್ನು ಕಾಯುತ್ತಿದ್ದ ಬೆಳೆ ಅದು. 2005-06ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಮಾನ್ಯತೆ ಬರುವ ಹೊತ್ತಿಗೆ ಹಳೆಯ ತೋಟಗಳು ಬಹುಪಾಲು ಹೋಗಿದ್ದವು. ಗಿಡ ತುದಿಯಿಂದ ಒಣಗುತ್ತ ಬರುವುದು, ಎಲೆ ಹಳದಿಯಾಗಿ ಉದುರುವುದು, ಕಾಯಿ ಸಣ್ಣದಾಗಿ ರುಚಿ ಕೆಡುವುದು ಇವೆಲ್ಲವನ್ನೂ ಸೇರಿಸಿ 'ಕಿತ್ತಳೆ ಕ್ಷೀಣತೆ' ಎಂದು ಕರೆಯುತ್ತಿದ್ದರು. ಬೇರು ಕೊಳೆಯುವ ಶಿಲೀಂಧ್ರ, ಜಂತುಹುಳು, ಪೋಷಕಾಂಶಗಳ ಕೊರತೆ, ಆರೈಕೆಯ ಅಭಾವ ಇವೂ ಅದರಲ್ಲಿ ಪಾಲುದಾರರೇ. ಎಲ್ಲ ತಪ್ಪನ್ನೂ ಒಂದೇ ರೋಗದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಗ್ರೀನಿಂಗ್ ಇವುಗಳಲ್ಲಿ ದೊಡ್ಡ ಪಾಲುದಾರ.

ಕೊಡಗಿನ ಹಳೆಯ ತೋಟಗಳು ಹೆಚ್ಚಾಗಿ ಬೀಜದ ಸಸಿಗಳಿಂದ ಬೆಳೆದವು. ಗ್ರೀನಿಂಗ್ ರೋಗ ಬೀಜದಿಂದ ಬರುವುದಿಲ್ಲ. ಹಾಗಿದ್ದೂ ಗಿಡಗಳು ರೋಗಕ್ಕೆ ತುತ್ತಾದವೆಂದರೆ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತವರು ಯಾರೋ ಇರಲೇಬೇಕು.

ಆ ಹೊರೆಯಾಳು ಸಿಕ್ಕಿದ್ದು ಪುಣೆಯಲ್ಲಿ. 1966ರಲ್ಲಿ ಆಸ್ಟ್ರೇಲಿಯದ ಸಸ್ಯರೋಗ ತಜ್ಞೆ ಲಿಲಿಯನ್ ಫ್ರೇಸರ್ ಮತ್ತು ನಮ್ಮ ದೇಶದ ವಿಜ್ಞಾನಿಗಳು ಸೇರಿ, ಭಾರತದಲ್ಲಿ ಕಿತ್ತಳೆ ಜಾತಿಯ ಗಿಡಗಳು ತುದಿಯಿಂದ ಒಣಗುವುದಕ್ಕೆ ಗ್ರೀನಿಂಗ್ ರೋಗವೇ ಮುಖ್ಯ ಕಾರಣವಿರಬೇಕು ಎಂದು ಬರೆದರು. ಮರುವರ್ಷ, 1967ರಲ್ಲಿ, ಎಸ್. ಪಿ. ಕಪೂರ್ ಮತ್ತು ಅವರ ಸಂಗಡಿಗರು ಈ ರೋಗವನ್ನು ಹರಡುವುದು ಸಿಲ್ಲಾ ಎಂಬ ರಸ ಹೀರುವ ಕೀಟವೆಂದು ಪ್ರಕಟಿಸಿದರು. ಆಗ ರೋಗಕಾರಕವನ್ನು ವೈರಸ್ ಎಂದೇ ತಿಳಿಯಲಾಗಿತ್ತು. 1970ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ವೈರಸ್ ಅಲ್ಲ, ಬ್ಯಾಕ್ಟೀರಿಯದಂಥ ಜೀವಿ ಎಂಬುದು ತಿಳಿಯಿತು. 1994ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಏಷ್ಯಾದ ಬಗೆಗೆ ಆಧಾರವಾಗಿ ತೆಗೆದುಕೊಂಡದ್ದು ಪುಣೆಯಿಂದ ಹೋದ ಮಾದರಿಯನ್ನೇ.

ಚೀನಾದ ಒಕ್ಕಲಿಗರು ಇದನ್ನು ಬಹಳ ಹಿಂದಿನಿಂದ ಹ್ವಾಂಗ್‌ಲಾಂಗ್‌ಬಿಂಗ್ ಎಂದು ಕರೆಯುತ್ತಾರೆ. ಹಳದಿ ಚಿಗುರಿನ ರೋಗ ಎಂದು ಅದರ ಅರ್ಥ. ಹಣ್ಣಾದ ಮೇಲೂ ಕಾಯಿಯ ಒಂದು ಭಾಗ ಹಸಿರಾಗಿಯೇ ಉಳಿಯುವುದರಿಂದ ದಕ್ಷಿಣ ಆಫ್ರಿಕದವರು ಗ್ರೀನಿಂಗ್ ಎಂದರು. ಎರಡೂ ಹೆಸರುಗಳು ರೈತನ ಕಣ್ಣಿಗೆ ಕಂಡದ್ದರಿಂದಲೇ ಹುಟ್ಟಿದವು.

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಈ ಕೀಟ 1998ರಲ್ಲಿ ಕಂಡಿತು, ರೋಗ 2005ರಲ್ಲಿ. ಅಲ್ಲಿ 2003-04ರ ಹಂಗಾಮಿನಲ್ಲಿ ಸುಮಾರು 41 ಕಿಲೋ ತೂಕದ 24 ಕೋಟಿ 20 ಲಕ್ಷ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರಲ್ಲಿ ಅದು 1 ಕೋಟಿ 58 ಲಕ್ಷ ಪೆಟ್ಟಿಗೆಗೆ ಇಳಿಯಿತು. ಚಂಡಮಾರುತದ ಹೊಡೆತವೂ ಅದರಲ್ಲಿ ಸೇರಿದೆಯೆನ್ನಿ. ಆದರೆ ಹಣ, ಯಂತ್ರ, ಔಷಧ ಯಾವುದಕ್ಕೂ ಕೊರತೆಯಿಲ್ಲದ ನಾಡಿನಲ್ಲೇ ಹೀಗಾದ ಮೇಲೆ, ಗಿಡ ಹಳದಿಯಾದ ನಂತರ ಔಷಧ ಹುಡುಕುವುದರಿಂದ ಪ್ರಯೋಜನವಿಲ್ಲ ಎಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳುವುದು ಲೇಸು.

ಗಿಡದ ಒಳಗೆ ಏನಾಗುತ್ತದೆ?

ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದ ಸಣ್ಣ ನಾಳಗಳ ಮೂಲಕ ಬೇರಿಗೂ ಕಾಯಿಗೂ ಇಳಿಯುತ್ತದೆ. ರೋಗಾಣು ಬೀಡುಬಿಡುವುದು ಇದೇ ನಾಳಗಳಲ್ಲಿ. ಹೂಳು ತುಂಬಿದ ಕಾಲುವೆಯಂತೆ ನಾಳ ಕಟ್ಟಿಕೊಳ್ಳುತ್ತದೆ. ಆಗ ಎಲೆಯಲ್ಲಿ ಪಿಷ್ಟ ರಾಶಿ ಬಿದ್ದು ಎಲೆ ದಪ್ಪಗಾಗಿ ಬಿರುಸಾಗುತ್ತದೆ. ಕೆಳಗೆ ಬೇರು ಹಸಿವಿನಿಂದ ಸಾಯುತ್ತದೆ. ಬೇರು ಸತ್ತ ಗಿಡ ಸತುವು, ಮ್ಯಾಂಗನೀಸ್ ಮುಂತಾದವುಗಳನ್ನು ಮಣ್ಣಿನಿಂದ ಎತ್ತಲಾರದು. ಹೀಗಾಗಿ ಹೊಸ ಎಲೆಗಳಲ್ಲಿ ಸತುವಿನ ಕೊರತೆಯ ಚಿಹ್ನೆಯೂ ಕಾಣಿಸುತ್ತದೆ. ಎಲೆಗೆ ಸತುವು ಸಿಂಪಡಿಸಿದರೆ ಆ ಚಿಹ್ನೆ ಕೆಲಕಾಲ ಮರೆಯಾಗುತ್ತದೆ, ರೋಗ ಒಳಗೇ ಇರುತ್ತದೆ. ಸನವಳ್ಳಿಯ ರೈತರು ಎರಡು ತಿಂಗಳು ಮೋಸ ಹೋದದ್ದು ಹೀಗೆ.

ರೋಗ ತಗುಲಿದ ದಿನಕ್ಕೂ ಹಳದಿ ಕಾಣುವ ದಿನಕ್ಕೂ ನಡುವೆ ಹಲವು ತಿಂಗಳು, ಕೆಲವೊಮ್ಮೆ ಎರಡು ವರ್ಷವೂ ಹಿಡಿಯುತ್ತದೆ. ಅಷ್ಟು ಕಾಲ ಗಿಡ ನೋಡಲು ಹಸಿರಾಗಿರುತ್ತದೆ, ಆದರೆ ಕೀಟಗಳಿಗೆ ರೋಗವನ್ನು ಹಂಚುತ್ತಲೇ ಇರುತ್ತದೆ.

ಎಲೆ ನೋಡಿ ತಿಳಿಯುವ ಬಗೆ

ಇದಕ್ಕೆ ಬೇಕಾದದ್ದು ಒಂದು ಪೆನ್ನು ಮಾತ್ರ. ಹಳದಿಯಾದ ರೆಂಬೆಯಿಂದ ಎಳೆಯದಲ್ಲದ, ಚೆನ್ನಾಗಿ ಬಲಿತ ಎಲೆಯೊಂದನ್ನು ಕೀಳಿರಿ. ನಡುನರದ ಎಡಕ್ಕೆ ಒಂದು ಕಡೆ ಪೆನ್ನಿನಿಂದ ಸಣ್ಣ ವೃತ್ತ ಬರೆಯಿರಿ. ನಡುನರದ ಬಲಕ್ಕೆ ಅಷ್ಟೇ ದೂರದಲ್ಲಿ, ಅದಕ್ಕೆ ಸರಿಯಾಗಿ ಎದುರು ಇನ್ನೊಂದು ವೃತ್ತ ಬರೆಯಿರಿ. ಎರಡು ವೃತ್ತಗಳ ಒಳಗಿನ ಬಣ್ಣ ಒಂದೇ ಆಗಿದ್ದರೆ ಅದು ಪೋಷಕಾಂಶದ ಕೊರತೆಯಾಗಿರುವ ಸಂಭವ ಹೆಚ್ಚು. ಒಂದರಲ್ಲಿ ಹಸಿರು, ಎದುರಿನದರಲ್ಲಿ ಹಳದಿ ಇದ್ದರೆ ಗ್ರೀನಿಂಗ್ ಎಂದು ಅನುಮಾನಿಸಬೇಕು. ಎರಡು ಮೂರು ಕಡೆ, ಹತ್ತಾರು ಎಲೆಗಳಲ್ಲಿ ಹೀಗೆ ನೋಡಿ.

ಕಾರಣ ಇಷ್ಟೆ. ಸತುವಿನ ಕೊರತೆಯಲ್ಲಿ ನರಗಳು ಹಸಿರಾಗಿದ್ದು ನರಗಳ ನಡುವಿನ ಭಾಗ ಹಳದಿಯಾಗುತ್ತದೆ, ಅದೂ ಎರಡೂ ಬದಿ ಸಮನಾಗಿ, ಹೊಸ ಎಲೆಗಳಲ್ಲಿ. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆ ಇಡಿಯಾಗಿ ಬಿಳಿಚಿಕೊಳ್ಳುತ್ತದೆ. ಮೆಗ್ನೀಸಿಯಂ ಕೊರತೆಯಲ್ಲಿ ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿಯುತ್ತದೆ. ಇವೆಲ್ಲವೂ ಅಳತೆ ಹಿಡಿದು ಬರೆದಂತಿರುತ್ತವೆ. ಗ್ರೀನಿಂಗಿನ ಹಳದಿಗೆ ಅಂಥ ಲೆಕ್ಕವಿಲ್ಲ. ಹಳೆಯ ಗೋಡೆಯ ಮೇಲೆ ನೀರು ಇಳಿದ ಕಲೆಯಂತೆ ನರಗಳನ್ನೂ ದಾಟಿ ಎಲ್ಲೆಂದರಲ್ಲಿ ಹರಡಿರುತ್ತದೆ. ಕೆಲವು ಎಲೆಗಳಲ್ಲಿ ನರ ಉಬ್ಬಿ ಬೆಂಡಿನಂತಾಗುತ್ತದೆ.

ಇನ್ನೊಂದು ಗುರುತು: ಕೊರತೆ ಸಾಮಾನ್ಯವಾಗಿ ತೋಟದ ಒಂದು ಭಾಗದ ಎಲ್ಲ ಗಿಡಗಳಿಗೂ, ಒಂದು ಗಿಡದ ಎಲ್ಲ ರೆಂಬೆಗಳಿಗೂ ಬರುತ್ತದೆ. ಗ್ರೀನಿಂಗ್ ಶುರುವಾಗುವುದು ಅಲ್ಲೊಂದು ಇಲ್ಲೊಂದು ಗಿಡದಲ್ಲಿ, ಆ ಗಿಡದ ಒಂದೇ ರೆಂಬೆಯಲ್ಲಿ.

ಕಾಯಿ ಇದ್ದ ಕಾಲದಲ್ಲಿ ಕಾಯಿಯನ್ನೂ ನೋಡಬೇಕು. ರೋಗದ ಗಿಡದ ಕಾಯಿ ಸಣ್ಣದು, ಒಂದು ಬದಿ ವಾಲಿದಂತೆ ಸೊಟ್ಟ. ನೆಟ್ಟಗೆ ಎರಡು ಹೋಳು ಮಾಡಿದರೆ ನಡುವಿನ ದಿಂಡು ಬಾಗಿರುತ್ತದೆ, ಬೀಜಗಳು ಜೊಳ್ಳಾಗಿ ಕಂದಿರುತ್ತವೆ. ಒಳ್ಳೆಯ ಹಣ್ಣಿನಲ್ಲಿ ಬಣ್ಣ ತಳದಿಂದ ಏರುತ್ತದೆ. ರೋಗದ ಹಣ್ಣಿನಲ್ಲಿ ತೊಟ್ಟಿನ ಕಡೆ ಬಣ್ಣ ಬಂದು ತಳ ಹಸಿರಾಗಿಯೇ ಉಳಿಯುತ್ತದೆ. ರಸ ಹುಳಿಯೂ ಕಹಿಯೂ ಆಗಿ ಬಾಯಿಗೆ ಹಿತವಾಗದು. ಬಲಿಯುವ ಮೊದಲೇ ಉದುರುವ ಕಾಯಿಗಳೇ ಹೆಚ್ಚು.

ಅಯೋಡಿನ್ ಪರೀಕ್ಷೆಯನ್ನೂ ಮನೆಯಲ್ಲಿ ಮಾಡಬಹುದು. ಕತ್ತರಿಸಿದ ಆಲೂಗಡ್ಡೆಯ ಮೇಲೆ ಟಿಂಕ್ಚರ್ ಅಯೋಡಿನ್ ಹನಿ ಹಾಕಿದರೆ ನೀಲಿಗಪ್ಪಾಗುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಅನುಮಾನದ ಎಲೆಯನ್ನು ಹರಿತವಾದ ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸಿ, ನೀರು ಬೆರೆಸಿದ ಅಯೋಡಿನ್‌ನಲ್ಲಿ ಕತ್ತರಿಸಿದ ಅಂಚನ್ನು ಎರಡು ನಿಮಿಷ ಅದ್ದಿ. ಗ್ರೀನಿಂಗ್ ಇದ್ದರೆ ಪಿಷ್ಟ ತುಂಬಿರುವುದರಿಂದ ಅಂಚು ಕಪ್ಪಾಗುತ್ತದೆ. ಆರೋಗ್ಯದ ಗಿಡದ ಎಲೆಯನ್ನೂ ಪಕ್ಕದಲ್ಲಿ ಅದ್ದಿ ಹೋಲಿಸಬೇಕು. ತೊಗಟೆ ಸುಲಿದ ಅಥವಾ ಮುರಿದ ರೆಂಬೆಯ ಎಲೆಯೂ ಕಪ್ಪಾಗಬಹುದಾದ್ದರಿಂದ ಇದನ್ನೇ ಕೊನೆಯ ತೀರ್ಮಾನವೆಂದು ಭಾವಿಸಬಾರದು. ಖಚಿತವಾಗಿ ತಿಳಿಯಬೇಕಾದರೆ ಪ್ರಯೋಗಾಲಯದಲ್ಲಿ ಪಿ.ಸಿ.ಆರ್. ಪರೀಕ್ಷೆ ಆಗಬೇಕು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿದರೆ ಮಾದರಿಯನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಸುತ್ತಾರೆ.

ತಲೆ ಕೆಳಗೆ, ಬಾಲ ಮೇಲೆ

ಸಿಲ್ಲಾ ಕೀಟವನ್ನು ಗುರುತಿಸುವುದು ಕಷ್ಟವಲ್ಲ. ಬೆಳೆದ ಕೀಟ 3 ರಿಂದ 4 ಮಿಲಿಮೀಟರ್ ಉದ್ದವಿದ್ದು, ರೆಕ್ಕೆಯ ಮೇಲೆ ಕಂದು ಮಚ್ಚೆಗಳಿರುತ್ತವೆ. ಎಲೆಗೆ ತಲೆ ತಾಗಿಸಿ ಹಿಂಭಾಗವನ್ನು ಎತ್ತಿ ಓರೆಯಾಗಿ ಕೂಡುತ್ತದೆ. ನಿಂಬೆ ಗಿಡದ ಮೇಲೆ ಹೀಗೆ ಕೂಡುವ ಕೀಟ ನಮ್ಮಲ್ಲಿ ಬೇರೆ ಇಲ್ಲವೆಂದೇ ಹೇಳಬಹುದು. ಮುಟ್ಟಿದರೆ ಜಿಗಿದು ಹಾರುತ್ತದೆ.

ಹೆಣ್ಣು ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ ಮಾತ್ರ. ಇನ್ನೂ ಬಿಡಿಸಿಕೊಳ್ಳದ ಎಲೆಗಳ ಸಂದಿಯಲ್ಲಿ ಹಳದಿ ಬಣ್ಣದ ಸಣ್ಣ ಮೊಟ್ಟೆಗಳನ್ನಿಡುತ್ತದೆ. ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡಬಲ್ಲದು. ಬೆಚ್ಚಗಿನ ದಿನಗಳಲ್ಲಿ ನಾಲ್ಕೈದು ದಿನಕ್ಕೆ ಮರಿಗಳು ಹೊರಬರುತ್ತವೆ. ಚಪ್ಪಟೆಯಾದ ಹಳದಿ ಮರಿಗಳು ಚಿಗುರಿನ ರಸ ಹೀರುತ್ತ ಐದು ಸಲ ಪೊರೆ ಕಳಚುತ್ತವೆ. ಅವುಗಳ ಹಿಂಭಾಗದಿಂದ ಬಿಳಿಯ ಮೇಣದ ಎಳೆಗಳು ಸುರುಳಿ ಸುರುಳಿಯಾಗಿ ಹೊರಬರುತ್ತವೆ. ಚಿಗುರು ಮುರುಟಿಕೊಳ್ಳುತ್ತದೆ, ಅಂಟು ಬಿದ್ದು ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಹವೆಗೆ ತಕ್ಕಂತೆ ಮೊಟ್ಟೆಯಿಂದ ರೆಕ್ಕೆಯ ಕೀಟವಾಗಲು 15 ರಿಂದ 47 ದಿನ ಹಿಡಿಯುತ್ತದೆ.

ರೋಗದ ಗಿಡದ ಚಿಗುರಿನಲ್ಲಿ ಬೆಳೆದ ಮರಿ ರೆಕ್ಕೆ ಬರುವ ಹೊತ್ತಿಗೆ ರೋಗಾಣುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೊರಡುತ್ತದೆ. ಒಮ್ಮೆ ಸೇರಿದ ರೋಗಾಣು ಕೀಟ ಸಾಯುವವರೆಗೆ ಅದರಲ್ಲಿರುತ್ತದೆ. ಸಾಮಾನ್ಯವಾಗಿ ಅದು ಗಿಡದಿಂದ ಗಿಡಕ್ಕೆ ಹಾರುತ್ತದೆ, ಗಾಳಿ ಸಿಕ್ಕರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಆದ್ದರಿಂದ ನಿಮ್ಮ ಬೇಲಿ ಅದಕ್ಕೆ ಅಡ್ಡಿಯಲ್ಲ.

ಇಲ್ಲಿ ನಮ್ಮ ಹಿತ್ತಲಿನ ಕರಿಬೇವಿನ ಮಾತು ಬರುತ್ತದೆ. ಈ ಕೀಟಕ್ಕೆ ಕರಿಬೇವಿನ ಚಿಗುರು ಬಲು ಪ್ರಿಯ. ಕರಿಬೇವಿನಲ್ಲಿ ರೋಗಾಣು ನೆಲೆಸುವುದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ, ಆದರೆ ಕೀಟದ ಸಂತಾನ ಅಲ್ಲಿ ಚೆನ್ನಾಗಿ ಬೆಳೆಯುತ್ತದೆ. ನಿಂಬೆಯಲ್ಲಿ ಚಿಗುರಿಲ್ಲದ ದಿನಗಳನ್ನು ಕರಿಬೇವಿನ ಮೇಲೆ ಕಳೆದು, ಚಿಗುರು ಬಂದೊಡನೆ ಹಿಂತಿರುಗುತ್ತದೆ. ಹಾಗೆಂದು ಮನೆಯ ಕರಿಬೇವನ್ನು ಕಡಿಯಿರಿ ಎಂದು ಹೇಳಿದರೆ ಮನೆಯವರು ನಮ್ಮನ್ನು ಬಾಗಿಲೊಳಗೆ ಬಿಟ್ಟುಕೊಳ್ಳಲಾರರು. ಧಾರವಾಡದ ಸುವಾಸಿನಿ ತಳಿಯನ್ನು ಬೆಳೆಯಾಗಿಯೇ ಬೆಳೆಯುವವರೂ ಇದ್ದಾರೆ. ಕಿತ್ತಳೆ, ಮೂಸಂಬಿ ಹಾಕುವವರು ಅದರ ಒತ್ತಿನಲ್ಲಿ ಕರಿಬೇವಿನ ಸಾಲು ಹಾಕಬಾರದು, ಇರುವ ಗಿಡದ ಚಿಗುರನ್ನು ಆಗಾಗ ಕೊಯ್ದು ಬಳಸುತ್ತಿರಬೇಕು, ಇಷ್ಟು ಸಾಕು. ಅಲಂಕಾರಕ್ಕೆ ಬೇಲಿಯಂತೆ ಬೆಳೆಸುವ, ಬಿಳಿ ಹೂವಿನ ಕಾಡು ಕರಿಬೇವಿನ ಗಿಡವನ್ನು ಮಾತ್ರ ತೋಟದ ಹತ್ತಿರ ಇಡಲೇಬಾರದು. ಅದರಲ್ಲಿ ಕೀಟವೂ ಬೆಳೆಯುತ್ತದೆ, ರೋಗಾಣುವೂ ಇರಬಲ್ಲದು.

ಇನ್ನೊಂದು ಕೀಟ, ಇನ್ನೊಂದು ರೋಗ

ಟ್ರಿಸ್ಟೆಜಾ ಎಂಬ ವೈರಸ್ ರೋಗವೂ ಕೀಟದಿಂದಲೇ ಹರಡುತ್ತದೆ. ಅದನ್ನು ಒಯ್ಯುವುದು ಸಸ್ಯಹೇನು. ಕಾಗ್ಜಿ ನಿಂಬೆಯ ಎಳೆ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳಲ್ಲಿ ಅಲ್ಲಲ್ಲಿ ಪಾರದರ್ಶಕ ಗೆರೆಗಳು ಕಾಣುತ್ತವೆ, ತೊಗಟೆ ಸುಲಿದರೆ ಕಟ್ಟಿಗೆಯಲ್ಲಿ ಸಣ್ಣ ಕುಳಿಗಳಿರುತ್ತವೆ. ಇದಕ್ಕೆ ಒಂದು ಉಪಾಯ ನಮ್ಮ ರಾಜ್ಯದಲ್ಲೇ ಪ್ರಯೋಗವಾಯಿತು. 1970ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೆ. ಬಾಲರಾಮನ್ ಮತ್ತು ಕೆ. ರಾಮಕೃಷ್ಣನ್ ಅವರು, ಸೌಮ್ಯ ಬಗೆಯ ಟ್ರಿಸ್ಟೆಜಾ ವೈರಸ್ಸನ್ನು ಮೊದಲೇ ನಿಂಬೆ ಸಸಿಗೆ ಸೇರಿಸಿದರೆ ಉಗ್ರ ಬಗೆಯಿಂದ ರಕ್ಷಣೆ ದೊರೆಯುತ್ತದೆ ಎಂದು ತೋರಿಸಿದರು. ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುತ್ತಿದ್ದಂತೆ. ಕಿತ್ತಳೆ, ಮೂಸಂಬಿಗೆ ರಂಗಪುರ ನಿಂಬೆಯ ಬೇರುಗಿಡ ಬಳಸಿದರೂ ಟ್ರಿಸ್ಟೆಜಾ ತಾಳಿಕೊಳ್ಳುತ್ತದೆ. ಗ್ರೀನಿಂಗ್ ರೋಗಕ್ಕೆ ಲಸಿಕೆಯೂ ಇಲ್ಲ, ಯಾವ ಬೇರುಗಿಡವೂ ತಡೆಯುವುದಿಲ್ಲ. ಕಸಿ ಮಾಡಿದವರು 'ಇದು ರೋಗ ನಿರೋಧಕ' ಎಂದರೆ ಯಾವ ರೋಗಕ್ಕೆ ಎಂದು ಕೇಳಿ.

ಸಸಿ ಎಲ್ಲಿಂದ ತರಬೇಕು?

ಹೊಸ ಊರಿಗೆ ಈ ರೋಗ ಬಹುಮಟ್ಟಿಗೆ ಬರುವುದು ಸಸಿಯ ಮೂಲಕ. ರೋಗದ ತಾಯಿ ಮರದಿಂದ ಒಂದು ಕಣ್ಣು ತೆಗೆದು ಕಸಿ ಮಾಡಿದರೆ ಸಸಿ ಹುಟ್ಟುವಾಗಲೇ ರೋಗಿ. ಆ ಮರದಿಂದ ಇನ್ನೂರು ಕಣ್ಣು ತೆಗೆದರೆ ಇನ್ನೂರು ಊರಿಗೆ ರೋಗ ಹಂಚಿದಂತೆ. ಜೊತೆಗೆ ಸಸಿಯ ಚಿಗುರಿನಲ್ಲಿ ಕೀಟದ ಮೊಟ್ಟೆಗಳೂ ಪ್ರಯಾಣ ಮಾಡುತ್ತವೆ. ಸನವಳ್ಳಿ ಜಲಾಶಯದ ಸುತ್ತಿನಲ್ಲಿ ಭತ್ತ, ಗೋವಿನಜೋಳದ ಜೊತೆಗೆ ತೋಟ ಮಾಡುವ ಆಸೆ ಹೆಚ್ಚುತ್ತಿರುವಾಗ, ಗಾಡಿಯಲ್ಲಿ ಬಾಗಿಲಿಗೇ ಬರುವ ಅಗ್ಗದ ಸಸಿಯ ಸೆಳೆತ ಸಹಜ. ಸಸಿಯೊಂದಕ್ಕೆ ಉಳಿಸಿದ ಹತ್ತಿಪ್ಪತ್ತು ರೂಪಾಯಿಗೆ ಐದು ವರ್ಷದ ಗೊಬ್ಬರ, ನೀರು, ದುಡಿಮೆಯನ್ನು ತೆರಬೇಕಾಗುತ್ತದೆ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ. ತಾಯಿ ಮರ ಎಲ್ಲಿದೆ, ಅದಕ್ಕೆ ರೋಗ ಪರೀಕ್ಷೆ ಆಗಿದೆಯೇ, ಸಸಿಗಳನ್ನು ಕೀಟ ನುಗ್ಗದ ಬಲೆಮನೆಯೊಳಗೆ ಬೆಳೆಸಿದ್ದಾರೆಯೇ ಎಂದು ಕೇಳಬೇಕು. ಬಿಸಿಲಿನಲ್ಲಿ ತೆರೆದ ಜಾಗದಲ್ಲಿ ಸಾಲಾಗಿ ಇಟ್ಟ ಸಸಿಗಳು ಎಷ್ಟೇ ಹಸಿರಾಗಿದ್ದರೂ ಭರವಸೆಗೆ ಅರ್ಹವಲ್ಲ. ನಾಗಪುರದ ಕೇಂದ್ರೀಯ ನಿಂಬೆ ಜಾತಿಯ ಹಣ್ಣುಗಳ ಸಂಶೋಧನಾ ಸಂಸ್ಥೆಯಲ್ಲಿ ಚಿಗುರಿನ ತೀರಾ ತುದಿಯ ಕಣವನ್ನು ಕಸಿ ಮಾಡಿ ರೋಗವಿಲ್ಲದ ಸಸಿ ಪಡೆಯುವ ಕೆಲಸ ನಡೆಯುತ್ತಿದೆ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮುಂಗಡವಾಗಿ ವಿಚಾರಿಸಿ. ಒಂದು ವರ್ಷ ಕಾಯಬೇಕಾಗಿ ಬಂದರೂ ಕಾಯುವುದು ಲಾಭ.

ಚಿಗುರಿನ ಕಾವಲು

ಕೀಟಕ್ಕೆ ಮೊಟ್ಟೆಯಿಡಲು ಚಿಗುರೇ ಬೇಕಾದ್ದರಿಂದ ವರ್ಷವಿಡೀ ಔಷಧ ಹೊಡೆಯಬೇಕಾದ ಕೆಲಸವಿಲ್ಲ. ಚಳಿ ಕಳೆದು ಹೂವಿನೊಡನೆ ಬರುವ ಚಿಗುರು, ಮುಂಗಾರಿನ ಮೊದಲ ಮಳೆಗಳಿಗೆ ಬರುವ ಚಿಗುರು, ಮಳೆ ಬಿಟ್ಟ ಮೇಲೆ ಬರುವ ಚಿಗುರು, ಈ ಮೂರು ಸಮಯದಲ್ಲಿ ವಾರಕ್ಕೊಮ್ಮೆ ತೋಟ ಸುತ್ತಬೇಕು. ಆಷಾಢದ ಜಡಿಮಳೆ ಮೊಟ್ಟೆ ಮರಿಗಳನ್ನು ತೊಳೆದು ಹಾಕುವುದರಿಂದ ಆಗ ಕಾಟ ಕಡಿಮೆ. ಕೀಟ ಮೊದಲು ಕಾಣುವುದು ತೋಟದ ಅಂಚಿನ ಸಾಲುಗಳಲ್ಲಿ, ಆದ್ದರಿಂದ ಅಂಚಿನಿಂದಲೇ ನೋಡುತ್ತ ಬನ್ನಿ.

ಚಿಗುರು ಅಕ್ಕಿಕಾಳಿನಷ್ಟು ಹೊರಟಾಗ, ಎಲೆ ಬಿಚ್ಚುವ ಮುನ್ನ ಸಿಂಪರಣೆ ಮಾಡಿದರೆ ಹೆಚ್ಚು ಫಲ. ಕೀಟ ವಿರಳವಾಗಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ದ್ರಾವಣದೊಡನೆ ಬೆರೆಸಿ ಚಿಗುರು ತೊಯ್ಯುವಂತೆ ಸಂಜೆ ಸಿಂಪಡಿಸಬೇಕು. ಹೆಚ್ಚಾಗಿದ್ದರೆ ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್ ಕೀಟನಾಶಕವನ್ನು ಡಬ್ಬಿಯ ಮೇಲೆ ನಿಂಬೆ ಜಾತಿಗೆ ಬರೆದ ಪ್ರಮಾಣದಲ್ಲಿ ಬಳಸಿ, ಕೊಯ್ಲಿಗೆ ಮುನ್ನ ಅಲ್ಲಿ ಹೇಳಿರುವಷ್ಟು ದಿನ ಬಿಡಬೇಕು. ಹೂವಿದ್ದಾಗ ಇವನ್ನು ಹೊಡೆಯಲೇಬಾರದು, ಜೇನು ಸಾಯುತ್ತವೆ. ಒಂದೇ ಔಷಧವನ್ನು ಮೇಲಿಂದ ಮೇಲೆ ಹೊಡೆದರೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಿಂದಿನ ಪುಸ್ತಕಗಳಲ್ಲಿ ಬರೆದ ಹಲವು ಔಷಧಗಳು ಈಗ ನಿಷೇಧವಾಗಿವೆ ಅಥವಾ ಹಣ್ಣಿನ ಬೆಳೆಗೆ ಸಲ್ಲವು. ಮನೆಯಲ್ಲಿ ಉಳಿದ ಹಳೆಯ ಡಬ್ಬಿಯನ್ನು ನಂಬಬೇಡಿ.

ಯೂರಿಯಾ ಸುರಿದು, ಅಡ್ಡಾದಿಡ್ಡಿ ಸವರಿ ಹೊತ್ತಲ್ಲದ ಹೊತ್ತಿನಲ್ಲಿ ಚಿಗುರು ಎಬ್ಬಿಸುವುದೂ ಕೀಟಕ್ಕೆ ಊಟ ಬಡಿಸಿದಂತೆಯೇ.

ನಮ್ಮ ಪರವಾಗಿ ದುಡಿಯುವ ಜೀವಿಗಳೂ ಇವೆ. ಗುಲಗಂಜಿ ಹುಳುಗಳು ಸಿಲ್ಲಾ ಮರಿಗಳನ್ನು ತಿನ್ನುತ್ತವೆ. ಟಮರಿಕ್ಸಿಯಾ ಎಂಬ ಅತಿ ಸಣ್ಣ ಕಣಜ ಮರಿಯ ಹೊಟ್ಟೆಯ ಕೆಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಈ ಕಣಜ ನಮ್ಮ ನಾಡಿನದೇ. 1978ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಭಾರತದಿಂದ ಒಯ್ದು ಬಿಟ್ಟಾಗ ಅಲ್ಲಿ ಕೀಟದ ಕಾಟ ಬಹಳಷ್ಟು ಇಳಿಯಿತು. ಮರಿಯ ಒಣಗಿದ ಸಿಪ್ಪೆಯಲ್ಲಿ ದುಂಡಗಿನ ತೂತು ಕಂಡರೆ ಕಣಜ ನಿಮ್ಮ ತೋಟದಲ್ಲಿದೆ ಎಂದು ತಿಳಿದು ಔಷಧದ ಡಬ್ಬಿ ಕೆಳಗಿಡಿ.

ಕಡಿಯಬೇಕೇ, ಉಳಿಸಬೇಕೇ?

ಎಲ್ಲಕ್ಕಿಂತ ಕಷ್ಟದ ಮಾತು ಇದು. ಒಂದು ರೆಂಬೆ ಮಾತ್ರ ಹಳದಿಯಾಗಿದೆ, ಉಳಿದ ಗಿಡದಲ್ಲಿ ಕಾಯಿ ತೂಗುತ್ತಿದೆ, ಅಂಥ ಗಿಡದ ಬುಡಕ್ಕೆ ಕೊಡಲಿ ಹಾಕೆಂದರೆ ಯಾರ ಮನಸ್ಸು ಒಪ್ಪೀತು? ಆ ರೆಂಬೆಯನ್ನಷ್ಟೇ ಕತ್ತರಿಸಿದರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ರೆಂಬೆ ಹಳದಿಯಾಗುವ ಮೊದಲೇ ರೋಗಾಣು ಬೇರಿಗೆ ಇಳಿದಿರುತ್ತದೆ. ಕತ್ತರಿಸಿದ ಜಾಗದಲ್ಲಿ ಬರುವ ಹುಲುಸಾದ ಚಿಗುರು ಕೀಟವನ್ನು ಇನ್ನಷ್ಟು ಕರೆಯುತ್ತದೆ. ಟೆಟ್ರಾಸೈಕ್ಲಿನ್ ಔಷಧವನ್ನು ಕಾಂಡಕ್ಕೆ ಚುಚ್ಚಿ ನೋಡಿದ್ದೂ ಉಂಟು. ಔಷಧ ನಿಲ್ಲಿಸಿದೊಡನೆ ರೋಗ ಮರಳಿತು.

ನಮ್ಮ ಅಭಿಪ್ರಾಯ ಹೀಗಿದೆ. ತೋಟ ಎಳೆಯದಾಗಿದ್ದು ನೂರಕ್ಕೆ ನಾಲ್ಕಾರು ಗಿಡಗಳಿಗೆ ಮಾತ್ರ ರೋಗ ಬಂದಿದ್ದರೆ ಅವನ್ನು ತೆಗೆಯಲೇಬೇಕು. ತೋಟ ಹಳೆಯದಾಗಿ ಮುಕ್ಕಾಲು ಪಾಲು ಗಿಡಗಳಿಗೆ ರೋಗ ಹಿಡಿದಿದ್ದರೆ ಕಡಿಯುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಅಲ್ಲಿ ಕೊಟ್ಟಿಗೆ ಗೊಬ್ಬರ, ಹದವಾದ ನೀರು, ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು ಅದರ ಅರ್ಧದಷ್ಟು ಸುಣ್ಣ ಬೆರೆಸಿದ ಸಿಂಪರಣೆ ಇವುಗಳಿಂದ ಇನ್ನು ಕೆಲವು ವರ್ಷ ಫಸಲು ಎಳೆಯಬಹುದು. ಆದರೆ ಅಂಥ ತೋಟದ ಒಡೆಯನು ಕೀಟವನ್ನು ಹತೋಟಿಯಲ್ಲಿಡದಿದ್ದರೆ ಪಕ್ಕದವರ ಹೊಸ ತೋಟ ಉಳಿಯದು. ಅದರ ಮಗ್ಗುಲಲ್ಲಿ ಹೊಸದಾಗಿ ಕಿತ್ತಳೆ, ಮೂಸಂಬಿ ನೆಡುವುದೂ ಜಾಣತನವಲ್ಲ.

ಗಿಡ ತೆಗೆಯುವಾಗ ಒಂದು ಎಚ್ಚರ. ಮೊದಲು ಆ ಗಿಡಕ್ಕೆ ಕೀಟನಾಶಕ ಸಿಂಪಡಿಸಿ, ಮರುದಿನ ಕಡಿಯಿರಿ. ಸಿಂಪಡಿಸದೆ ಕಡಿದರೆ ಅದರ ಮೇಲಿದ್ದ ಕೀಟಗಳೆಲ್ಲ ಎದ್ದು ಆರೋಗ್ಯದ ಗಿಡಗಳ ಮೇಲೆ ಕೂಡುತ್ತವೆ. ಬುಡವನ್ನು ಬೇರುಸಹಿತ ಅಗೆದು ತೆಗೆಯಬೇಕು. ಬೊಡ್ಡೆ ಉಳಿದರೆ ಅದು ಚಿಗುರಿ ಮತ್ತೆ ರೋಗದ ಮನೆಯಾಗುತ್ತದೆ. ಕಡಿದ ರೆಂಬೆಗಳನ್ನು ತೋಟದಲ್ಲೇ ಹಸಿಯಾಗಿ ಬಿಡದೆ ಬೇಗ ಒಣಗಿಸಿ ಸೌದೆಗೆ ಬಳಸಬಹುದು, ಒಣಗಿದ ಕಟ್ಟಿಗೆಯಿಂದ ರೋಗ ಹರಡುವುದಿಲ್ಲ. ರೋಗಾಣು ಮಣ್ಣಿನಲ್ಲಿಯೂ ಉಳಿಯುವುದಿಲ್ಲವಾದ್ದರಿಂದ ಆ ಜಾಗದಲ್ಲಿ ರೋಗವಿಲ್ಲದ ಸಸಿಯನ್ನು ಮತ್ತೆ ನೆಡಬಹುದು. ಬೇರು ಕೊಳೆತಿದ್ದ ಗುಂಡಿಯಾದರೆ ಮಾತ್ರ ಬಿಸಿಲಿಗೆ ಬಿಟ್ಟು ಒಂದು ಹಂಗಾಮು ಕಾಯಿರಿ.

ಸನವಳ್ಳಿ ಕಡೆಯ ರೈತರ ತೋಟಕ್ಕೆ ಆ ವಾರವೇ ಹೋಗಿ ಪೆನ್ನು ಹಿಡಿದು 40 ಗಿಡಗಳನ್ನೂ ನೋಡಲಾಯಿತು. 7 ಗಿಡಗಳಲ್ಲಿ ಎದುರು ಬದುರು ವೃತ್ತಗಳ ಬಣ್ಣ ಬೇರೆಯಾಗಿತ್ತು, ಕಾಯಿ ಸೊಟ್ಟಗಿತ್ತು. ಅವರ ತಾಯಿಯವರು ಹಿತ್ತಿಲ ಬಾಗಿಲಲ್ಲಿ ನಿಂತು, ಕಾಯಿ ಇಳಿಸಿದ ಮೇಲಾದರೂ ಕಡಿಯಬಾರದೇ ಎಂದರು. ಆ ಕಾಯಿ ಪೇಟೆಗೆ ಹೋಗುವಂಥದಲ್ಲವೆಂದು ಒಂದನ್ನು ಹೋಳು ಮಾಡಿ ತೋರಿಸಿದ ಮೇಲೆ ಸುಮ್ಮನಾದರು. ಏಳು ಗಿಡಗಳನ್ನು ತೆಗೆದಾಯಿತು. ಮಾಘದ ಚಿಗುರಿನಲ್ಲಿ ಎಂಟನೆಯದೊಂದು ಸಿಕ್ಕಿತು, ಅದನ್ನೂ ತೆಗೆದರು. ಉಳಿದ 32 ಗಿಡಗಳನ್ನು ಮುಂದಿನ ಎರಡು ವರ್ಷ ಚಿಗುರು ಬಂದಾಗಲೆಲ್ಲ ನೋಡುತ್ತಿರಬೇಕು.